ಐಸ್ ತುಂಡು ಬೇಡ, ಹಣ್ಣನ್ನೇ ಐಸ್ ಮಾಡಿ

ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಜ್ಯೂಸ್ ಅಂಗಡಿಯಲ್ಲಿ ಆರು ವರ್ಷ ಮಿಕ್ಸಿ ಮುಂದೆ ನಿಂತವನು ನಾನು. ಈಗ ಮನೆ ಉಡುಪಿಯ ಕುಂಜಿಬೆಟ್ಟಿನಲ್ಲಿ. ಶಾಲೆ ಮಕ್ಕಳ ವ್ಯಾನ್ ಓಡಿಸುತ್ತೇನೆ. ಏಪ್ರಿಲ್ ಬಂತೆಂದರೆ ವ್ಯಾನಿಗೆ ರಜೆ, ಮಿಕ್ಸಿಗೆ ಕೆಲಸ. ಮಧ್ಯಾಹ್ನ ಮೂರು ಗಂಟೆಯ ಸೆಕೆಗೆ ಫ್ಯಾನ್ ಗಾಳಿಯೂ ಬಿಸಿ ಬಿಸಿ ಬರುವ ಹೊತ್ತಿಗೆ ಪಕ್ಕದ ಮನೆಯ ಮಕ್ಕಳು ಗೇಟಿನ ಹತ್ತಿರ ಸುಮ್ನೆ ಸುಳಿದಾಡಲು ಶುರು ಮಾಡುತ್ತಾರೆ. ಯಾಕೆಂದು ನನಗೂ ಗೊತ್ತು, ಅವರಿಗೂ ಗೊತ್ತು.

ಆ ಮಕ್ಕಳ ಅಮ್ಮ ಒಮ್ಮೆ ಕೇಳಿದರು, "ಅಣ್ಣ, ಮಿಲ್ಕ್‌ಶೇಕ್ ನಾವು ಮಾಡಿದ್ರೆ ನಿಮ್ಮ ಹಾಗೆ ದಪ್ಪ ಬರುವುದಿಲ್ಲ ಯಾಕೆ?" ಹೇಗೆ ಮಾಡುತ್ತೀರಿ ಅಂದೆ. ಹಾಲು, ಬಾಳೆಹಣ್ಣು, ಸಕ್ಕರೆ, ಕೊನೆಗೆ ಒಂದು ಹಿಡಿ ಐಸ್ ತುಂಡು. ಅಷ್ಟು ಕೇಳಿದ್ದೇ ಸಾಕಾಯಿತು. ಆ ಐಸ್ ತುಂಡೇ ಕಳ್ಳ. ಅದು ನೀರು ಅಲ್ವಾ? ಮಿಕ್ಸಿಯಲ್ಲಿ ಪುಡಿಯಾಗುತ್ತದೆ, ಎರಡು ನಿಮಿಷದಲ್ಲಿ ಕರಗುತ್ತದೆ. ಲೋಟದಲ್ಲಿ ಮೇಲೆ ನೊರೆ, ಕೆಳಗೆ ಹಾಲು ತೊಳೆದ ನೀರು. ನಮ್ಮ ಅಂಗಡಿಯಲ್ಲಿ ಐಸ್ ಹಾಕುತ್ತಿದ್ದದ್ದು ಲಿಂಬೆ ಶರಬತ್ತಿಗೆ ಮತ್ತು ಕಲ್ಲಂಗಡಿ ಜ್ಯೂಸಿಗೆ ಮಾತ್ರ. ಮಿಲ್ಕ್‌ಶೇಕಿಗೆ ನಾನೊಮ್ಮೆ ಹಾಕಲು ಹೋದಾಗ ಧಣಿಗಳು ಕೈ ಹಿಡಿದರು. "ನೀರು ಬೇಕಾದವರಿಗೆ ಹೊರಗೆ ನಳ್ಳಿ ಉಂಟು ಮಾರಾಯ" ಅಂದರು.

ಹಾಗಾದರೆ ತಂಪು ಎಲ್ಲಿಂದ ಬರಬೇಕು? ಹಣ್ಣಿನಿಂದ ಮತ್ತು ಹಾಲಿನಿಂದ. ಎರಡನ್ನೂ ಮೊದಲೇ ಫ್ರೀಜರಿನಲ್ಲಿ ಗಟ್ಟಿ ಮಾಡಿಟ್ಟುಕೊಳ್ಳಬೇಕು. ಕರಗಿದರೂ ಹಣ್ಣೇ ಆಗಿ ಕರಗುತ್ತದೆ, ಹಾಲೇ ಆಗಿ ಕರಗುತ್ತದೆ. ಲೋಟದ ಕೊನೆಯ ಗುಟುಕಿಗೂ ಮೊದಲ ಗುಟುಕಿನ ರುಚಿಯೇ ಇರುತ್ತದೆ.

ಬಾಳೆಹಣ್ಣಿನಿಂದ ಶುರು ಮಾಡಿ. ಮೋಸ ಮಾಡದ ಹಣ್ಣು ಅದೊಂದೇ. ನಮ್ಮ ಕಡೆ ಕದಳಿ ಅಂತ ಗೊನೆಯಲ್ಲಿ ನೇತುಹಾಕಿ ಮಾರುತ್ತಾರಲ್ಲ, ಘಟ್ಟದ ಮೇಲಿನವರು ಏಲಕ್ಕಿ ಬಾಳೆ ಅನ್ನುವ ಆ ಸಣ್ಣ ಹಣ್ಣೇ ಇದಕ್ಕೆ ಸರಿ. ಸಿಹಿಯ ಜೊತೆ ಚೂರು ಹುಳಿ ಇರುವುದರಿಂದ ಶೇಕ್ ಬರೀ ಸಪ್ಪೆ ಸಿಹಿ ಆಗುವುದಿಲ್ಲ. ಉದ್ದದ ಕ್ಯಾವೆಂಡಿಷ್ ಕೂಡ ನಡೆಯುತ್ತದೆ, ಘಮ ಸ್ವಲ್ಪ ಕಡಿಮೆ. ನೇಂದ್ರ ಮಾತ್ರ ಬೇಡ. ಎಷ್ಟು ಹಣ್ಣಾದರೂ ಅದರಲ್ಲಿ ಹಿಟ್ಟಿನ ಅಂಶ ಉಳಿದಿರುತ್ತದೆ, ಶೇಕ್ ಹೋಗಿ ಗಂಜಿ ಆಗುತ್ತದೆ. ನೇಂದ್ರದಲ್ಲಿ ಪೋಡಿ, ಅಂದರೆ ಬಜ್ಜಿ, ಮಾಡಿ ತಿನ್ನಿ.

ಹಣ್ಣು ಯಾವ ಹದಕ್ಕೆ ಬಂದಿರಬೇಕು ಅಂದರೆ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದಿರಬೇಕು, ತೊಟ್ಟು ಮುಟ್ಟಿದರೆ ಕಳಚಿಕೊಳ್ಳುವ ಹಾಗಿರಬೇಕು. ಆ ಹೊತ್ತಿಗೆ ಹಿಟ್ಟೆಲ್ಲ ಸಕ್ಕರೆ ಆಗಿರುತ್ತದೆ. ಅದಕ್ಕಿಂತ ಒಂದು ದಿನ ಹೆಚ್ಚಾದರೆ ಹಣ್ಣು ಬನ್ಸಿಗೆ ಹೋಗಬೇಕು, ಶೇಕಿಗಲ್ಲ. ನಮ್ಮ ಮನೆಯಲ್ಲಿ ಕಳಿತ ಹಣ್ಣಿಗೆ ನನ್ನದೂ ನನ್ನ ಹೆಂಡತಿಯದೂ ದಿನಾ ಜಗಳ. ಅವಳಿಗೆ ಬನ್ಸ್, ನನಗೆ ಶೇಕ್.

ಸಿಪ್ಪೆ ತೆಗೆದೇ ಫ್ರೀಜರಿಗೆ ಹಾಕಿ. ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ. ಆದರೆ ನನ್ನ ಮಗ ಒಂದು ಸಲ ಇಡೀ ಚಿಪ್ಪನ್ನೇ ಸಿಪ್ಪೆ ಸಮೇತ ಒಳಗಿಟ್ಟಿದ್ದ. ಮರುದಿನ ಸಿಪ್ಪೆ ಕಪ್ಪಾಗಿ ಹಣ್ಣಿಗೆ ಅಂಟಿ ಕೂತಿತ್ತು. ಬಂಗುಡೆ ಕ್ಲೀನ್ ಮಾಡಿದ ಹಾಗೆ ಚಾಕುವಿನಲ್ಲಿ ಕೆರೆದು ತೆಗೆದೆ. ಬೆರಳು ಮರಗಟ್ಟಿ ಹೋಯಿತು. ಸಿಪ್ಪೆ ತೆಗೆದು ಅರ್ಧ ಇಂಚಿನ ಬಿಲ್ಲೆ ಕತ್ತರಿಸಿ, ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ ಇಡಿ. ಎರಡು ಗಂಟೆ ಬಿಟ್ಟು ಡಬ್ಬಿಗೆ ತುಂಬಿ. ಮೊದಲೇ ಡಬ್ಬಿಗೆ ತುಂಬಿದರೆ ಎಲ್ಲ ಸೇರಿ ಒಂದೇ ಕಲ್ಲು. ತೆಳ್ಳಗೆ ಹರಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಬೇಗ ಗಟ್ಟಿಯಾದರೆ ಒಳಗೆ ಕಟ್ಟುವ ಐಸ್ ಹರಳು ಸಣ್ಣದಿರುತ್ತದೆ. ನಿಧಾನಕ್ಕೆ ಗಟ್ಟಿಯಾದರೆ ಹರಳು ದೊಡ್ಡದಾಗಿ ನಾಲಿಗೆಗೆ ಮರಳು ಮರಳು ಸಿಗುತ್ತದೆ. ಒಟ್ಟು ನಾಲ್ಕೈದು ಗಂಟೆ ಬೇಕು. ರಾತ್ರಿ ಇಟ್ಟುಬಿಡಿ, ಬೆಳಿಗ್ಗೆ ಚಿಂತೆ ಇಲ್ಲ.

ಇನ್ನು ಹಾಲು. ಹಾಲಿನಲ್ಲಿ ಹೆಚ್ಚುಕಡಿಮೆ 87% ನೀರೇ. ಆ ನೀರು ಕಡಿಮೆಯಾದಷ್ಟೂ ಶೇಕ್ ಕೆನೆ ಕೆನೆಯಾಗುತ್ತದೆ. ಟೋನ್ಡ್ ಹಾಲಿನ ಪ್ಯಾಕೆಟಿನಲ್ಲಿ ಕೊಬ್ಬು 3%, ಫುಲ್ ಕ್ರೀಮಿನಲ್ಲಿ 6%. ಫುಲ್ ಕ್ರೀಮ್ ಸಿಕ್ಕಿದರೆ ಅದನ್ನೇ ತನ್ನಿ. ಅರ್ಧ ಲೀಟರ್ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಟ್ಟು, ಕೈಯಾಡಿಸುತ್ತಾ, ಕಾಲು ಭಾಗ ಇಂಗುವ ತನಕ ಕಾಯಿಸಿ. ಕಾಯಿಸುವಾಗ ಪಾತ್ರೆಯ ಬದಿಗೆ ಹತ್ತುವ ಕೆನೆಯನ್ನು ಸೌಟಿನಲ್ಲಿ ಎಳೆದು ಒಳಗೇ ಹಾಕಿ, ಬಿಸಾಡಬೇಡಿ. ಪೂರ್ತಿ ತಣಿದ ಮೇಲೆ ಅರ್ಧವನ್ನು ಐಸ್ ಟ್ರೇಗೆ ಸುರಿದು ಫ್ರೀಜರಿಗೆ, ಇನ್ನರ್ಧ ಕೆಳಗೆ ಫ್ರಿಜ್ಜಿಗೆ.

ಅಂಗಡಿಯಲ್ಲಿ ಇಷ್ಟೆಲ್ಲ ಪುರುಸೊತ್ತು ಎಲ್ಲಿಂದ? ಅಲ್ಲಿ ಹಾಲಿನ ಪ್ಯಾಕೆಟನ್ನೇ ಹಾಗೇ ಫ್ರೀಜರಿಗೆ ಹಾಕುತ್ತಿದ್ದೆವು. ಇಟ್ಟಿಗೆ ಹಾಗೆ ಗಟ್ಟಿಯಾದ ಪ್ಯಾಕೆಟನ್ನು ಕಡಪ ಕಲ್ಲಿನ ಮೇಲೆ ಎರಡು ಸಲ ಬಡಿದು ಹರಿದರೆ ತುಂಡು ತುಂಡು. ಆ ಅಭ್ಯಾಸದಲ್ಲೇ ಮನೆಯಲ್ಲೂ ಒಂದು ದಿನ ಮಾಡಿದೆ. ಬಡಿದದ್ದು ಸಾಲಲಿಲ್ಲ. ಮುಷ್ಟಿಯಷ್ಟು ದೊಡ್ಡ ತುಂಡೊಂದು ಹಾಗೇ ಜಾರಿಗೆ ಬಿತ್ತು. ಅಂಗಡಿಯ ಮೆಷಿನ್ ಬೇರೆ, ಮನೆಯ ಐನೂರು ವ್ಯಾಟ್ ಮಿಕ್ಸಿ ಬೇರೆ ಎಂಬುದು ಸ್ವಿಚ್ ತಿರುಗಿಸಿದ ಮೇಲೆ ನೆನಪಾಯಿತು. ಟಕ್ ಟಕ್ ಟಕ್, ಆಮೇಲೆ ರಬ್ಬರ್ ಸುಟ್ಟ ವಾಸನೆ. ಜಾರಿನ ಕೆಳಗಿನ ಕಪ್ಲರ್ ಹಲ್ಲು ಹಲ್ಲಾಗಿ ಹರಿದಿತ್ತು. ಗಾಬರಿಯಲ್ಲಿ ಮುಚ್ಚಳದಿಂದ ಕೈ ತೆಗೆದಿದ್ದೆ. ಹಾಲು ಗೋಡೆಯ ಕ್ಯಾಲೆಂಡರಿನ ಮೇಲೆ, ಗ್ಯಾಸಿನ ಮೇಲೆ, ನನ್ನ ಕನ್ನಡಕದ ಮೇಲೆ. ನನ್ನ ಹೆಂಡತಿ ಕುಂದಾಪುರದವಳು. ಬಾಗಿಲಲ್ಲಿ ನಿಂತು ನೋಡಿ ಒಂದೇ ಮಾತು ಕೇಳಿದಳು: "ಹ್ವಾಯ್, ಇದನ್ನ್ ಯಾರ್ ಒರ್ಸುದ್?"

ಅದಕ್ಕೇ ಹೇಳುತ್ತಿದ್ದೇನೆ, ಟ್ರೇಯ ಸಣ್ಣ ತುಂಡೇ ಇರಲಿ. ಟ್ರೇ ಇಲ್ಲವಾದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಲು ಹಾಕಿ ದೋಸೆಯಷ್ಟು ತೆಳ್ಳಗೆ ಮಲಗಿಸಿ ಗಟ್ಟಿ ಮಾಡಿ, ಲಟ್ಟಣಿಗೆಯಲ್ಲಿ ಬಡಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಫ್ರೀಜರಿನಿಂದ ತೆಗೆದ ಕೂಡಲೇ ಮಿಕ್ಸಿಗೆ ಹಾಕಬೇಡಿ. ಹಣ್ಣನ್ನೂ ಹಾಲನ್ನೂ ನಾಲ್ಕೈದು ನಿಮಿಷ ಹೊರಗಿಡಿ. ಅಂಚು ಚೂರು ಬೆವರಿದ ಮೇಲೆ ಹಾಕಿದರೆ ಬ್ಲೇಡಿಗೂ ಸುಲಭ, ಕಪ್ಲರಿಗೂ ಆಯುಷ್ಯ.

ಎರಡು ದೊಡ್ಡ ಲೋಟಕ್ಕೆ ನನ್ನ ಲೆಕ್ಕ ಇಷ್ಟು: ಕದಳಿ ಆರು, ಇಂಗಿಸಿದ ಹಾಲಿನ ತುಂಡು ಎಂಟು, ಫ್ರಿಜ್ಜಿನ ತಣ್ಣಗಿನ ಹಾಲು ಅರ್ಧ ಲೋಟ, ಗೇರುಬೀಜ ಎಂಟು, ಸಕ್ಕರೆ ಪಾಕ ಎರಡು ಚಮಚ, ಉಪ್ಪು ಒಂದೇ ಒಂದು ಚಿಟಿಕೆ. ಗೇರುಬೀಜವನ್ನು ಅರ್ಧ ಗಂಟೆ ಹಾಲಿನಲ್ಲಿ ನೆನೆಸಿರಬೇಕು. ತುಂಡು ಗೇರುಬೀಜ ಆದರೂ ಆಯಿತು, ಹೇಗೂ ಅರೆಯುವುದೇ ತಾನೆ. ಐಸ್‌ಕ್ರೀಮ್ ಹಾಕದೆ ಕೆನೆ ಬರಿಸುವ ಗುಟ್ಟು ಅದೇ.

ಸಕ್ಕರೆಯನ್ನು ಹಾಗೇ ಹಾಕಬೇಡಿ. ಅಷ್ಟು ತಣ್ಣಗಿನ ಹಾಲಿನಲ್ಲಿ ಅದು ಕರಗುವುದಿಲ್ಲ, ಲೋಟದ ಅಡಿಯಲ್ಲಿ ಕೂರುತ್ತದೆ. ಒಂದು ಲೋಟ ಸಕ್ಕರೆಗೆ ಅರ್ಧ ಲೋಟ ನೀರು ಹಾಕಿ ಒಂದು ಕುದಿ ಬರಿಸಿ ಬಾಟಲಿಯಲ್ಲಿಟ್ಟುಕೊಂಡರೆ ವಾರವಿಡೀ ಲಿಂಬೆ ಶರಬತ್ತಿಗೂ ಆಗುತ್ತದೆ. ಮತ್ತೊಂದು ವಿಷಯ. ತುಂಬಾ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಮಿಕ್ಸಿಗೆ ಹಾಕುವ ಮುಂಚೆ ರುಚಿ ನೋಡಿ ಸರಿ ಅನಿಸಿದರೆ ಕುಡಿಯುವಾಗ ಸಪ್ಪೆ ಇರುತ್ತದೆ. ಆದ್ದರಿಂದ ತಿರುಗಿಸಿ ಆದ ಮೇಲೆಯೇ ರುಚಿ ನೋಡಿ, ಬೇಕಾದರೆ ಪಾಕ ಸೇರಿಸಿ. ಉಪ್ಪಿನ ಚಿಟಿಕೆ ಸಿಹಿಯನ್ನು ಎತ್ತಿ ಕೊಡುತ್ತದೆ. ಉಪ್ಪು ಹಾಕಿದ್ದೇನೆ ಅಂತ ಯಾರಿಗೂ ಹೇಳಬೇಡಿ. ಹೇಳಿದ ಕೂಡಲೇ ಎಲ್ಲರಿಗೂ ಉಪ್ಪುಪ್ಪು ಅನಿಸಲು ಶುರುವಾಗುತ್ತದೆ.

ಈಗ ಮಿಕ್ಸಿ. ಮೊದಲು ಗೇರುಬೀಜ ಮತ್ತು ಅದು ನೆಂದ ಹಾಲು ಮಾತ್ರ ಹಾಕಿ ನುಣ್ಣಗೆ ಅರೆಯಿರಿ. ಆಮೇಲೆ ತಣ್ಣಗಿನ ಹಾಲು, ಪಾಕ, ಉಪ್ಪು. ಮೇಲಿಂದ ಹಾಲಿನ ತುಂಡು. ಮಿಕ್ಸಿಯ ಗುಂಡಿಯನ್ನು ಎಡಕ್ಕೆ ತಿರುಗಿಸಿ ಬಿಡುವುದುಂಟಲ್ಲ, ಹಾಗೆ ಬಿಟ್ಟು ಬಿಟ್ಟು ಐದಾರು ಸಲ. ಹಾಲು ಪುಡಿಯಾದ ಸದ್ದು ಬದಲಾಗುತ್ತದೆ. ಕಟಕಟ ಹೋಗಿ ಗರಗರ ಬರುತ್ತದೆ. ಆಗ ಬಾಳೆಹಣ್ಣಿನ ಬಿಲ್ಲೆ ಹಾಕಿ. ಎರಡು ಸುತ್ತಿಗೆ ಬ್ಲೇಡ್ ಖಾಲಿ ತಿರುಗಲು ಶುರುವಾಗುತ್ತದೆ, ಹಣ್ಣು ಜಾರಿನ ಬದಿಗೆ ಹತ್ತಿಕೊಂಡು ಗುಹೆ ಹಾಗೆ ಆಗುತ್ತದೆ. ಇಲ್ಲೇ ಎಲ್ಲರೂ ಅವಸರದಲ್ಲಿ ಇನ್ನಷ್ಟು ಹಾಲು ಸುರಿಯುವುದು. ಸುರಿಯಬೇಡಿ. ಸ್ವಿಚ್ ಆಫ್ ಮಾಡಿ, ಮರದ ಸೌಟಿನಲ್ಲಿ ಬದಿಯದನ್ನೆಲ್ಲ ಕೆಳಗೆ ತಳ್ಳಿ, ಮತ್ತೆ ತಿರುಗಿಸಿ. ಇಷ್ಟಾದರೂ ಹಿಡಿಯದಿದ್ದರೆ ಒಂದು ಚಮಚ ಹಾಲು. ಲೋಟ ಅಲ್ಲ, ಚಮಚ.

ಹಣ್ಣು ಬಿದ್ದ ಮೇಲೆ ಎಲ್ಲ ಸೇರಿ ಒಂದು ನಿಮಿಷದ ಒಳಗೆ ಮುಗಿಯಬೇಕು. ಜಾಸ್ತಿ ಹೊತ್ತು ತಿರುಗಿಸಿದರೆ ಬ್ಲೇಡಿನ ಉಜ್ಜಾಟಕ್ಕೇ ಬಿಸಿ ಹುಟ್ಟಿ ಮಾಡಿದ್ದೆಲ್ಲ ಕರಗುತ್ತದೆ. ಸರಿಯಾಗಿ ಆಗಿದೆಯೋ ಇಲ್ಲವೋ ನೋಡಲು ಧಣಿಗಳು ಒಂದು ಚಮಚ ಎತ್ತಿ ಓರೆ ಮಾಡುತ್ತಿದ್ದರು. ಸೊರ್ರನೆ ಹರಿದರೆ ತೆಳು. ಬೀಳದೆ ಅಂಟಿಕೊಂಡರೆ ಗಿರಾಕಿಗೆ ಸ್ಟ್ರಾದಲ್ಲಿ ಎಳೆಯಲು ಆಗುವುದಿಲ್ಲ. ಇಡ್ಲಿ ಹಿಟ್ಟು ಸೌಟಿನಿಂದ ಇಳಿಯುವ ಹಾಗೆ ನಿಧಾನಕ್ಕೆ, ಮಡಚಿಕೊಂಡು ಇಳಿಯಬೇಕು.

ಲೋಟವನ್ನು ಹತ್ತು ನಿಮಿಷ ಮೊದಲೇ ಫ್ರೀಜರಿಗಿಡಿ. ಇದು ಶೋಕಿ ಅಲ್ಲ. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನ ಪಸೆ ಎಷ್ಟು ಅಂತ ನಿಮಗೆ ಗೊತ್ತು. ತಣ್ಣಗಿನ ಲೋಟ ಹೊರಗಿಟ್ಟ ಅರೆ ನಿಮಿಷಕ್ಕೆ ಹೊರಮೈ ಬೆವರುತ್ತದೆ. ಗಾಳಿಯಲ್ಲಿರುವ ನೀರಿನ ಆವಿ ಲೋಟಕ್ಕೆ ತಾಗಿ ಹನಿಯಾಗುತ್ತದೆ, ಆಗುವಾಗ ತನ್ನ ಬಿಸಿಯನ್ನು ಲೋಟಕ್ಕೆ ಬಿಟ್ಟು ಹೋಗುತ್ತದೆ. ಒಂದೊಂದು ಹನಿಯೂ ನಿಮ್ಮ ಶೇಕನ್ನು ಕರಗಿಸುತ್ತಿರುತ್ತದೆ ಅಂತ ಲೆಕ್ಕ. ಒಣ ಹವೆಯ ಊರಿನಲ್ಲಿ ಇದರ ಕಾಟ ಕಡಿಮೆ, ಇಲ್ಲಿ ಪುರುಸೊತ್ತಿಲ್ಲ. ಸುರಿದ ಕೂಡಲೇ ಕುಡಿಯಬೇಕು, ಫೋಟೋ ಆಮೇಲೆ.

ಬಾಳೆಹಣ್ಣಿನಲ್ಲಿ ಕೈ ಕುದುರಿದರೆ ಬೇರೆ ಹಣ್ಣು ಕಷ್ಟವಿಲ್ಲ. ಆದರೂ ಒಂದೊಂದರದ್ದು ಒಂದೊಂದು ಗುಣ. ಮಾವಿನಹಣ್ಣಿನ ಕಾಲದಲ್ಲಿ ಮುಂಡಪ್ಪ ಸಿಕ್ಕಿದರೆ ಬಿಡಬೇಡಿ. ನಮ್ಮ ಜಿಲ್ಲೆಗಳದ್ದೇ ಹಣ್ಣು, ತುಂಬ ರಸ. ತಿರುಳನ್ನು ಟ್ರೇಯಲ್ಲಿ ಗಟ್ಟಿ ಮಾಡಿ. ಕಾಟು ಮಾವಿನ ರುಚಿ ಇದಕ್ಕಿಂತ ಒಂದು ಕೈ ಮೇಲೆ. ಆದರೆ ನಾರು ಜಾಸ್ತಿ, ಮೊದಲು ಜರಡಿ ಹಿಡಿಯಬೇಕು, ಹುಳಿ ಇದ್ದರೆ ಹಾಲು ಒಡೆದ ಹಾಗೆ ಆಗುತ್ತದೆ. ಚಿಕ್ಕು ಪೂರ್ತಿ ಮೆತ್ತಗಾಗಿರಲೇಬೇಕು. ಅರೆಗಾಯಿ ಹಾಕಿದರೆ ಅದರ ಹಾಲು ತುಟಿಗೆ ಗೋಂದಿನ ಹಾಗೆ ಹತ್ತುತ್ತದೆ, ಗಂಟಲು ಒಗರು. ಬೀಜ ಎಣಿಸಿ ತೆಗೆಯಿರಿ, ಒಂದು ಉಳಿದರೂ ಅರೆದು ಕಹಿ. ಬಟರ್‌ಫ್ರೂಟಿಗೆ ಈ ಫ್ರೀಜರಿನ ಕಸರತ್ತೇ ಬೇಡ, ಅದು ಹೆಸರಿಗೆ ತಕ್ಕ ಹಾಗೆ ಬೆಣ್ಣೆಯೇ. ಅದಕ್ಕೆ ಹಾಲಿನ ತುಂಡು ಮಾತ್ರ ಸಾಕು, ಗೇರುಬೀಜವೂ ದಂಡ.

ಅನಾನಸಿನ ಕತೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಅಂಗಡಿಗೆ ಸೇರಿ ಒಂದು ವಾರ ಆಗಿತ್ತು. ಕಾಲೇಜು ಬಿಡುವ ಹೊತ್ತಿಗೆ ರಶ್ ಆಗುತ್ತದೆ ಅಂತ ಅತಿ ಬುದ್ಧಿವಂತಿಕೆಯಿಂದ ಅನಾನಸ್ ಮಿಲ್ಕ್‌ಶೇಕನ್ನು ಒಂದು ಜಗ್ ಮೊದಲೇ ಮಾಡಿ ಫ್ರಿಜ್ಜಿನಲ್ಲಿಟ್ಟೆ. ಮುಕ್ಕಾಲು ಗಂಟೆ ಬಿಟ್ಟು ನಾಲ್ಕು ಜನಕ್ಕೆ ಕೊಟ್ಟೆ. ಮೊದಲ ಹುಡುಗ ಒಂದು ಗುಟುಕು ಕುಡಿದು ಮುಖ ಹಿಂಡಿದ. ಎರಡನೆಯವನು ಹೊರಗೆ ಹೋಗಿ ಉಗುಳಿಯೇ ಬಂದ. ಬೇವಿನ ಎಲೆ ಅರೆದು ಹಾಕಿದ ಹಾಗೆ ಕಹಿ! ಹಾಲು ಹಾಳಾಗಿದೆ ಅಂತ ನಾನು, ಕೈ ತೊಳೆದಿಲ್ಲ ಅಂತ ಅವರು. ಧಣಿಗಳು ಎಲ್ಲರ ದುಡ್ಡು ವಾಪಸ್ ಕೊಟ್ಟರು. ನನ್ನನ್ನು ಬೈಯಲಿಲ್ಲ. ಉಳಿದ ಜಗ್ ನನ್ನ ಮುಂದಿಟ್ಟು "ಕುಡಿ" ಅಂದರು, ಅಷ್ಟೇ.

ಹಾಲಿನದ್ದೂ ತಪ್ಪಲ್ಲ, ಕೈಯದ್ದೂ ಅಲ್ಲ. ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇರುತ್ತದೆ. ಅದು ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ, ಆ ತುಂಡುಗಳೇ ಕಹಿ. ಅನಾನಸ್ ಜಾಸ್ತಿ ತಿಂದರೆ ನಾಲಿಗೆ ಉರಿಯುವುದರಲ್ಲೂ ಅದರ ಕೈವಾಡ ಉಂಟು. ಬಿಸಿ ತಾಗಿದರೆ ಅದರ ಆಟ ಮುಗಿಯಿತು. ಹಾಗಾಗಿ ಅನಾನಸನ್ನು ಸಣ್ಣಗೆ ಹೆಚ್ಚಿ, ಸಕ್ಕರೆ ಹಾಕಿ, ಹತ್ತು ನಿಮಿಷ ಚೆನ್ನಾಗಿ ಕುದಿಸಿ, ತಣಿಸಿ, ಆಮೇಲೆ ಫ್ರೀಜರಿಗೆ. ಹೀಗೆ ಮಾಡಿದರೆ ಕಹಿ ಹತ್ತಿರ ಸುಳಿಯುವುದಿಲ್ಲ, ಬಣ್ಣವೂ ಚಂದ. ಪಪ್ಪಾಯಿಯಲ್ಲಿಯೂ ಇದರ ಅಣ್ಣತಮ್ಮ ಒಂದು ಕಿಣ್ವ ಉಂಟು. ಪಪ್ಪಾಯಿಯನ್ನು ಯಾರೂ ಕುದಿಸುವುದಿಲ್ಲವಲ್ಲ, ಹಾಗಾಗಿ ಚೆನ್ನಾಗಿ ಹಣ್ಣಾದದ್ದನ್ನೇ ಹಾಕಿ, ಮಾಡಿದ ಕೂಡಲೇ ಕುಡಿದು ಮುಗಿಸಿ.

ಮಗ ಕಾಲೇಜಿಗೆ ಹೋಗಲು ಶುರು ಮಾಡಿದ ಮೇಲೆ ಮನೆಯಲ್ಲಿ ಶಾರ್ಜಾ ಶೇಕ್ ಬೇಕು ಅಂತ ಹಟ. ಹೆಸರು ಶಾರ್ಜಾ ಆದರೂ ಮಾಲು ಕೇರಳದ ಕೋಳಿಕ್ಕೋಡ್ ಕಡೆಯದ್ದು. ಇದೇ ಸಣ್ಣ ಬಾಳೆಹಣ್ಣು, ಇದೇ ಗಟ್ಟಿ ಮಾಡಿದ ಹಾಲು, ಜೊತೆಗೆ ಒಂದೆರಡು ಚಮಚ ಬೂಸ್ಟ್ ಅಥವಾ ಹಾರ್ಲಿಕ್ಸ್, ಮೇಲೆ ಗೇರುಬೀಜದ ಚೂರು. ಮೇಲೆ ಹೇಳಿದ ಲೆಕ್ಕಕ್ಕೇ ಬೂಸ್ಟ್ ಸೇರಿಸಿ, ಪಾಕ ಒಂದು ಚಮಚ ಕಡಿಮೆ ಮಾಡಿದರೆ ಆಯಿತು. ಇದಕ್ಕೆ ಮತ್ತೆ ಐಸ್‌ಕ್ರೀಮ್, ಜೆಲ್ಲಿ, ಹಣ್ಣಿನ ತುಂಡು ಎಲ್ಲ ಪೇರಿಸುತ್ತೇನೆ ಅಂತ ಹೊರಟರೆ ಅದು ಗಡ್‌ಬಡ್ ಆಗುತ್ತದೆ. ಅದಕ್ಕೆ ನಮ್ಮ ಎರಡೂ ಊರಿನಲ್ಲಿ ಒಳ್ಳೆ ಅಂಗಡಿಗಳುಂಟು, ಅಲ್ಲಿಗೇ ಹೋಗಿ ಚಮಚ ಹಾಕಿ ತಿನ್ನುವುದು ಒಳ್ಳೆಯದು.

ಅಮ್ಮನಿಗೆ ಇದು ಯಾವುದೂ ಆಗುವುದಿಲ್ಲ. ಹಾಲಿಗೆ ಹಣ್ಣು ಸೇರಿಸಬಾರದು ಅಂತ ಅವರ ಕಟ್ಟಳೆ. ವಾದ ಮಾಡಿ ನೋಡಿದೆ, ಪ್ರಯೋಜನ ಇಲ್ಲ. ಅವರಿಗೆ ರಸಾಯನವೇ ಸರಿ. ಕದಳಿ ಹಣ್ಣು, ತೆಂಗಿನಕಾಯಿ ಹಾಲು, ಬೆಲ್ಲ, ಏಲಕ್ಕಿ. ಒತ್ತು ಶಾವಿಗೆಗೆ ಹಾಕಿಕೊಂಡು ತಿನ್ನುವ ಅದನ್ನೇ ನಾನು ತಂಪು ಮಾಡಿ ಲೋಟದಲ್ಲಿ ಕೊಡುತ್ತೇನೆ. ಯೋಚಿಸಿ ನೋಡಿದರೆ ನಮ್ಮ ಅಜ್ಜಿಯಂದಿರು ಮಿಲ್ಕ್‌ಶೇಕ್ ಅನ್ನುವ ಹೆಸರು ಕೇಳುವ ಮೊದಲೇ ಇದನ್ನು ಮಾಡುತ್ತಿದ್ದರಲ್ಲ, ಫ್ರಿಜ್ಜು ಒಂದು ಇರಲಿಲ್ಲ.

ಇದರಲ್ಲಿ ಒಂದು ಸೂಕ್ಷ್ಮ ಉಂಟು. ದಪ್ಪ ತೆಂಗಿನ ಹಾಲನ್ನು ಫ್ರಿಜ್ಜಿನಲ್ಲಿಟ್ಟು ಆಮೇಲೆ ಮಿಕ್ಸಿಗೆ ಹಾಕಿದರೆ ಮೇಣದ ಚೂರಿನ ಹಾಗೆ ಬಿಳಿ ಬಿಳಿ ಕಾಳು ಬಾಯಿಗೆ ಸಿಗುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಎಣ್ಣೆ. ನಮ್ಮಲ್ಲಿ ಅದು ಗಟ್ಟಿಯಾದದ್ದನ್ನು ನೋಡುವುದು ಅಪರೂಪ, ಹಾಗಾಗಿ ತಲೆಗೆ ಹೊಳೆಯುವುದಿಲ್ಲ. ನಾನು ಮಾಡುವುದು ಹೀಗೆ: ಎರಡನೇ ಸಲ ಹಿಂಡಿದ ತೆಳು ಹಾಲನ್ನು ಟ್ರೇಯಲ್ಲಿ ಗಟ್ಟಿ ಮಾಡುತ್ತೇನೆ, ಮೊದಲನೇ ದಪ್ಪ ಹಾಲನ್ನು ಆಗಿಂದಾಗ ಹಿಂಡಿ ಹೊರಗೇ ಇಡುತ್ತೇನೆ. ತೆಳು ಹಾಲಿನ ತುಂಡು, ಹಣ್ಣು, ಕರಗಿಸಿ ಸೋಸಿದ ಬೆಲ್ಲ ಎಲ್ಲ ಮಿಕ್ಸಿಯಲ್ಲಿ ತಿರುಗಿದ ಮೇಲೆ ದಪ್ಪ ಹಾಲನ್ನು ಲೋಟಕ್ಕೆ ಮೇಲಿಂದ ಸುರಿದು ಚಮಚದಲ್ಲಿ ಎರಡು ಸುತ್ತು. ಬೆಲ್ಲ ಸೋಸದಿದ್ದರೆ ಕಲ್ಲು ಸಿಗುತ್ತದೆ, ಅಮ್ಮನಿಗೆ ಈಗ ಇರುವುದೇ ನಾಲ್ಕು ಹಲ್ಲು.

ಗಟ್ಟಿ ಮಾಡಿದ ಹಣ್ಣು ಮುಚ್ಚಿದ ಡಬ್ಬಿಯಲ್ಲಿ ಎರಡು ಮೂರು ವಾರ ಧಾರಾಳ ಇರುತ್ತದೆ. ಮೀನು ಇಡುವ ಫ್ರೀಜರ್ ಆದರೆ ಡಬ್ಬಿಯ ಮುಚ್ಚಳ ಎರಡು ಸಲ ಒತ್ತಿ ನೋಡಿ. ಬೂತಾಯಿ ಪರಿಮಳದ ಬಾಳೆಹಣ್ಣು ಶೇಕ್ ನಾನೊಮ್ಮೆ ಕುಡಿದಿದ್ದೇನೆ, ನಿಮಗೆ ಬೇಡ. ಮಳೆಗಾಲದ ಮೊದಲ ಗಾಳಿಗೆ ಕರೆಂಟ್ ಹೋಗಿ ಹಣ್ಣು ಕರಗಿದರೆ ಮತ್ತೆ ಗಟ್ಟಿ ಮಾಡಲು ಹೋಗಬೇಡಿ, ನೀರು ಬಿಟ್ಟು ರುಚಿ ಕೆಡುತ್ತದೆ. ಅದನ್ನು ಬನ್ಸಿನ ಹಿಟ್ಟಿಗೆ ಕೊಡಿ. ನಮ್ಮ ಮನೆಯಲ್ಲಿ ಆ ದಿನ ಹೆಂಡತಿಗೆ ಖುಷಿ.

ಜಾರನ್ನು ಮಾತ್ರ ಕುಡಿಯುವ ಮೊದಲೇ ನೀರು ತುಂಬಿಸಿಡಿ. ಬಾಳೆಹಣ್ಣು ಒಣಗಿ ಬ್ಲೇಡಿನ ಕೆಳಗೆ ಹಿಡಿದುಕೊಂಡರೆ ಆಮೇಲೆ ತೆಂಗಿನ ನಾರಿಗೂ ಬಗ್ಗುವುದಿಲ್ಲ. ಮುಚ್ಚಳದ ರಬ್ಬರನ್ನು ಬಿಚ್ಚಿ ತೊಳೆಯಿರಿ. ಮರುದಿನ ಅದೇ ಜಾರಿನಲ್ಲಿ ಚಟ್ನಿ ಅರೆಯುವುದಿದ್ದರಂತೂ ಎರಡು ಸಲ ತೊಳೆಯಿರಿ.